ಆರು ನಿಮಿಷದ ಲಗ್ನ: ವರ್ಗ ಕುಂಡಲಿಯಲ್ಲಿ ಉಪಾಸನೆಯನ್ನು ಓದುವುದು

ಜಾತಕದಲ್ಲಿ ಅಧ್ಯಾತ್ಮ ಎಲ್ಲಿದೆ ಎಂದು ಕೇಳಿದರೆ ಈಗ ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು ವಿಂಶಾಂಶ, ಅಂದರೆ ರಾಶಿಯನ್ನು ಇಪ್ಪತ್ತು ಪಾಲು ಮಾಡಿ ಕಟ್ಟುವ ಡಿ-20 ಕುಂಡಲಿ. ಮೊಬೈಲಿನಲ್ಲಿ ಜನ್ಮಸಮಯ ತುಂಬಿದರೆ ಸಾಕು, ಹದಿನಾರು ಕುಂಡಲಿಗಳೂ ಸಾಲಾಗಿ ಬಂದು ನಿಲ್ಲುತ್ತವೆ. ಅವುಗಳಲ್ಲಿ ವಿಂಶಾಂಶವನ್ನು ತೆರೆದು, ಹನ್ನೆರಡನೇ ಮನೆಯಲ್ಲಿ ಕೇತುವನ್ನು ಕಂಡು, 'ಇವರಿಗೆ ಇದೇ ಕೊನೆಯ ಜನ್ಮ' ಎಂದುಬಿಡುತ್ತಾರೆ. ಇಷ್ಟು ಚಿಕ್ಕ ಮಾತಿನಲ್ಲಿ ಎಷ್ಟು ಎಡವಟ್ಟುಗಳು ಒಂದರೊಳಗೊಂದು ಹೆಣೆದುಕೊಂಡಿವೆ ಎಂಬುದನ್ನು ಇವತ್ತು ಬಿಡಿಸಿ ನೋಡೋಣ.

ಪದಗಳಿಂದಲೇ ಶುರು ಮಾಡೋಣ. ಧರ್ಮ, ಉಪಾಸನೆ, ವೈರಾಗ್ಯ, ಮೋಕ್ಷ ಎಲ್ಲವನ್ನೂ ನಾವು 'ಅಧ್ಯಾತ್ಮ' ಎಂಬ ಒಂದೇ ಗಂಟಿಗೆ ಕಟ್ಟುತ್ತೇವೆ. ಶಾಸ್ತ್ರ ಹಾಗೆ ಕಟ್ಟಿಲ್ಲ. ಧರ್ಮ, ಗುರು, ಭಾಗ್ಯ ಒಂಬತ್ತನೇ ಭಾವಕ್ಕೆ, ಅಂದರೆ ಲಗ್ನದಿಂದ (ಹುಟ್ಟಿದ ಕ್ಷಣ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿಯಿಂದ) ಒಂಬತ್ತನೇ ಮನೆಗೆ ಸೇರಿದವು. ಮಂತ್ರ, ಉಪಾಸನೆ, ಪೂರ್ವಪುಣ್ಯ ಐದನೆಯದಕ್ಕೆ. ಒಂದು, ಐದು, ಒಂಬತ್ತು ಧರ್ಮತ್ರಿಕೋಣವಾದರೆ ನಾಲ್ಕು, ಎಂಟು, ಹನ್ನೆರಡು ಮೋಕ್ಷತ್ರಿಕೋಣ. ಸನ್ಯಾಸ ಅಥವಾ ಪ್ರವ್ರಜ್ಯೆಗೆ ಪ್ರತ್ಯೇಕ ಯೋಗಗಳೇ ಇವೆ. ದಿನವೂ ತಪ್ಪದೆ ಜಪ ಮಾಡುವ ಗೃಹಸ್ಥನಿಗೆ ಉಪಾಸನಾ ಬಲ ಇದ್ದು ವೈರಾಗ್ಯ ಇಲ್ಲದಿರಬಹುದು. ಮನೆ ಬಿಟ್ಟು ಹೊರಟವನಿಗೆ ವೈರಾಗ್ಯ ಇದ್ದೂ ಮಂತ್ರ ಹತ್ತದಿರಬಹುದು. ಜ್ಯೋತಿಷದ ಮೂಲಗ್ರಂಥ ಬೃಹತ್ ಪರಾಶರ ಹೋರಾಶಾಸ್ತ್ರ ವಿಂಶಾಂಶಕ್ಕೆ ಒಪ್ಪಿಸಿರುವುದು ಉಪಾಸನೆಯನ್ನು ಮಾತ್ರ. ಅದೂ ಯಾವ ವರ್ಗದಲ್ಲಿ ಏನು ನೋಡಬೇಕೆಂದು ಹೇಳುವಾಗ, ಒಂದೇ ಉಸಿರಿನಲ್ಲಿ. ಮೋಕ್ಷದ ಮಾತು ಅಲ್ಲಿಲ್ಲ. ವಿಂಶಾಂಶದ ಭಾವ ಭಾವಕ್ಕೂ ಫಲ ಹೇಳುವ ಪಟ್ಟಿಗಳು ಈಗ ಓಡಾಡುತ್ತಿವೆಯಲ್ಲ, ಅವು ರಾಶಿ ಕುಂಡಲಿಯ ನಿಯಮಗಳನ್ನು ಎತ್ತಿ ತಂದು ಇಲ್ಲಿಗೆ ಹೊಂದಿಸಿಕೊಂಡವು. ಹೊಂದಿಸಿಕೊಳ್ಳಬಾರದು ಎಂದೇನಿಲ್ಲ. ಆದರೆ ಋಷಿವಾಕ್ಯ ಎಂದು ಅದಕ್ಕೆ ಮುದ್ರೆ ಒತ್ತುವುದು ಬೇಡ.

ಇನ್ನು ವರ್ಗ ಎಂದರೇನು? ವರ್ಗ ಕುಂಡಲಿ ಮತ್ತೊಂದು ಆಕಾಶವಲ್ಲ. ಒಂದು ರಾಶಿಯ 30 ಡಿಗ್ರಿಯನ್ನು ಸಮನಾಗಿ ತುಂಡರಿಸಿ, ಗ್ರಹ ಎಷ್ಟನೇ ತುಂಡಿನಲ್ಲಿದೆ ಎಂದು ನೋಡಿ, ಆ ತುಂಡಿಗೆ ಒಂದು ರಾಶಿಯ ಹೆಸರು ಕೊಡುವುದು, ಅಷ್ಟೆ. ತ್ರಿಂಶಾಂಶ ಎಂಬ ವರ್ಗದಲ್ಲಿ ಮಾತ್ರ ತುಂಡುಗಳು ಅಸಮ: ಓಜ (ಬೆಸ) ರಾಶಿಯಲ್ಲಿ ಕುಜ 5, ಶನಿ 5, ಗುರು 8, ಬುಧ 7, ಶುಕ್ರ 5 ಡಿಗ್ರಿ, ಯುಗ್ಮದಲ್ಲಿ (ಸಮ ರಾಶಿಯಲ್ಲಿ) ಈ ಕ್ರಮ ತಿರುಗಾಮುರುಗಾ. ಹದಿನಾರೂ ವರ್ಗಗಳನ್ನು ಇಲ್ಲಿ ಒಪ್ಪಿಸುತ್ತ ಕೂರುವುದಿಲ್ಲ. ನಮಗೆ ಬೇಕಾದವು ಮುಖ್ಯವಾಗಿ ನವಾಂಶ ಮತ್ತು ವಿಂಶಾಂಶ.

ರಾಶಿಯನ್ನು ಒಂಬತ್ತು ಪಾಲು ಮಾಡುವ ನವಾಂಶದ ಒಂದು ತುಂಡು 3 ಡಿಗ್ರಿ 20 ಕಲೆ, ಅಂದರೆ 200 ಕಲೆ (60 ಕಲೆಗೆ ಒಂದು ಡಿಗ್ರಿ). ಅಗ್ನಿ ರಾಶಿಗಳಿಗೆ ಮೇಷದಿಂದ, ಪೃಥ್ವಿ ರಾಶಿಗಳಿಗೆ ಮಕರದಿಂದ, ವಾಯು ರಾಶಿಗಳಿಗೆ ತುಲೆಯಿಂದ, ಜಲ ರಾಶಿಗಳಿಗೆ ಕರ್ಕಾಟಕದಿಂದ ಎಣಿಕೆ. ವಿಂಶಾಂಶದ ತುಂಡು 1 ಡಿಗ್ರಿ 30 ಕಲೆ, ಅಂದರೆ 90 ಕಲೆ. ಮೇಷದಿಂದ ಸಾಲಾಗಿ ರಾಶಿಗಳು ಚರ, ಸ್ಥಿರ, ದ್ವಿಸ್ವಭಾವ ಎಂದು ಸರದಿಯಲ್ಲಿ ಬರುತ್ತವೆ; ಚರ ರಾಶಿಗೆ ಮೇಷದಿಂದ, ಸ್ಥಿರಕ್ಕೆ ಧನುಸ್ಸಿನಿಂದ, ದ್ವಿಸ್ವಭಾವಕ್ಕೆ ಸಿಂಹದಿಂದ ಎಣಿಸಬೇಕು. ಈ ಮೂರು ಆರಂಭಗಳು ಮನಸ್ಸಿಗೆ ಬಂದಂತೆ ಇಟ್ಟವಲ್ಲ. ಮೇಷದಲ್ಲಿ ಇಪ್ಪತ್ತು ತುಂಡು ಮುಗಿಯುವಾಗ ವೃಶ್ಚಿಕ ಬಂದಿರುತ್ತದೆ, ವೃಷಭ ಧನುಸ್ಸಿನಿಂದ ಮುಂದುವರಿಯುತ್ತದೆ. ವೃಷಭ ಕರ್ಕಾಟಕದಲ್ಲಿ ಮುಗಿಯುತ್ತದೆ, ಮಿಥುನ ಸಿಂಹವನ್ನು ಹಿಡಿಯುತ್ತದೆ. ಎಲ್ಲಿಯೂ ಕೊಂಡಿ ತಪ್ಪದ ಸರಪಳಿ. ಆದ್ದರಿಂದ ಗ್ರಹದ ಪೂರ್ಣ ಸ್ಫುಟವನ್ನು (ಮೇಷದ ಆರಂಭದಿಂದ ಎಣಿಸಿದ ಡಿಗ್ರಿಯನ್ನು) 20ರಿಂದ ಗುಣಿಸಿ, 360ರ ಮಡಿಗಳನ್ನು ಕಳೆದರೆ ನೇರವಾಗಿ ವಿಂಶಾಂಶ ಸಿಗುತ್ತದೆ. ನವಾಂಶಕ್ಕೆ 9ರಿಂದ ಗುಣಿಸಿದರೂ ಹಾಗೆಯೇ. ಆದರೆ ದಶಾಂಶಕ್ಕೆ (ಹತ್ತು ಪಾಲು) ಈ ಉಪಾಯ ಬಳಸಬೇಡಿ: ಅಲ್ಲಿ ಓಜ ರಾಶಿಗೆ ಅದರಿಂದಲೇ, ಯುಗ್ಮಕ್ಕೆ ಅದರ ಒಂಬತ್ತರಿಂದ ಎಣಿಕೆ, ವೃಷಭಕ್ಕೆ ಬರುವಷ್ಟರಲ್ಲೇ ಸರಪಳಿ ತುಂಡಾಗಿರುತ್ತದೆ.

ಒಂದು ಜಾತಕ ಇಟ್ಟುಕೊಳ್ಳೋಣ. ಇದು ಲೆಕ್ಕ ತೋರಿಸಲು ಕಟ್ಟಿದ್ದು, ಯಾರದೂ ಅಲ್ಲ. ಲಗ್ನ ವೃಶ್ಚಿಕ 11 ಡಿಗ್ರಿ 20 ಕಲೆ. ಗುರು ಮೀನ 4-45 (4 ಡಿಗ್ರಿ 45 ಕಲೆ). ಚಂದ್ರ ಸಿಂಹ 14-10. ಶನಿ ಮಿಥುನ 27-15. ಕೇತು ವೃಷಭ 15-05. ಉಳಿದ ಗ್ರಹಗಳೆಲ್ಲ 27 ಡಿಗ್ರಿಯ ಒಳಗೆ ಇವೆ ಎಂದುಕೊಳ್ಳಿ.

ಲಗ್ನ 680 ಕಲೆ. 90ರಿಂದ ಭಾಗಿಸಿದರೆ ಏಳು ತುಂಡು ಮುಗಿದು ಎಂಟನೆಯದು ನಡೆಯುತ್ತಿದೆ. ವೃಶ್ಚಿಕ ಸ್ಥಿರ, ಧನುಸ್ಸಿನಿಂದ ಎಂಟು ಎಣಿಸಿದರೆ ಕರ್ಕಾಟಕ. ಗುರು 285 ಕಲೆ, ನಾಲ್ಕನೇ ತುಂಡು, ಮೀನ ದ್ವಿಸ್ವಭಾವ, ಸಿಂಹದಿಂದ ನಾಲ್ಕು ಎಂದರೆ ವೃಶ್ಚಿಕ. ಗುಣಾಕಾರದಿಂದ ತಾಳೆ ನೋಡಿ: ಗುರುವಿನ ಪೂರ್ಣ ಸ್ಫುಟ 334-45, ಇಪ್ಪತ್ತರಿಂದ ಗುಣಿಸಿದರೆ 6695, ಹದಿನೆಂಟು ಸುತ್ತು ಅಂದರೆ 6480 ಕಳೆದರೆ 215. ವೃಶ್ಚಿಕ 5 ಡಿಗ್ರಿ. ಚಂದ್ರ ಹತ್ತನೇ ತುಂಡು, ಕನ್ಯಾ. ಶನಿ ಹತ್ತೊಂಬತ್ತನೆಯದು, ಕುಂಭ. ಕೇತು ಹನ್ನೊಂದನೆಯದು, ತುಲಾ. ಹೀಗೆ ವಿಂಶಾಂಶದಲ್ಲಿ ಕರ್ಕಾಟಕ ಲಗ್ನ, ಚಂದ್ರ ಮೂರರಲ್ಲಿ, ಕೇತು ನಾಲ್ಕರಲ್ಲಿ, ಗುರು ಐದರಲ್ಲಿ, ಶನಿ ಎಂಟರಲ್ಲಿ ಸ್ವಕ್ಷೇತ್ರ, ಅಂದರೆ ತನ್ನದೇ ರಾಶಿ. ಒಂಬತ್ತರ ಒಡೆಯ ಗುರು ಐದರಲ್ಲಿ ಕುಳಿತಿದ್ದಾನೆ.

ವಿಂಶಾಂಶದ ಪ್ರತಿ ತುಂಡಿಗೂ ಒಬ್ಬ ದೇವಿಯ ಹೆಸರಿದೆ. ಓಜ ರಾಶಿಯಲ್ಲಿ ಕಾಳಿ, ಗೌರಿ ಎಂದು ಶುರು, ಯುಗ್ಮದಲ್ಲಿ ದಯಾ, ಮೇಧಾ ಎಂದು. ನಮ್ಮ ಗುರು ಮೀನದ ನಾಲ್ಕನೇ ತುಂಡಿನಲ್ಲಿದ್ದಾನೆ, ಆ ದೇವಿಯ ಹೆಸರು ಪಿಶಾಚಿನಿ. ಕಂಪ್ಯೂಟರ್ ಜಾತಕದಲ್ಲಿ ಈ ಹೆಸರು ಅಚ್ಚಾಗಿ ಬಂದದ್ದನ್ನು ನೋಡಿ ಗಾಬರಿಯಾಗುವವರು ಇದ್ದಾರೆ. ಅದು ಅಂಶದ ಅಧಿದೇವತೆಯ ಹೆಸರು, ಫಲವಲ್ಲ. ಅದೇ ಪಟ್ಟಿಯಲ್ಲಿ ಮುಂದೆ ಧೂಮಾವತಿ, ಮಾತಂಗಿ, ಬಾಲಾ ಎಲ್ಲರೂ ಇದ್ದಾರೆ.

ಈಗ ಗಡಿಯಾರಕ್ಕೆ ಬರೋಣ. ಲಗ್ನ ಸರಾಸರಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ನಡೆಯುತ್ತದೆ. ರಾಶಿ ಮತ್ತು ಅಕ್ಷಾಂಶ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ. ಈ ಲೆಕ್ಕದಲ್ಲಿ ನವಾಂಶ ಲಗ್ನಕ್ಕೆ ಸುಮಾರು ಹದಿಮೂರು ನಿಮಿಷ ಆಯುಸ್ಸು, ದಶಾಂಶಕ್ಕೆ ಹನ್ನೆರಡು, ದ್ವಾದಶಾಂಶಕ್ಕೆ (ಹನ್ನೆರಡು ಪಾಲು) ಹತ್ತು, ವಿಂಶಾಂಶಕ್ಕೆ ಆರು, ಷಷ್ಟ್ಯಂಶಕ್ಕೆ (ಅರವತ್ತು ಪಾಲು) ಎರಡು. ನಮ್ಮ ಜಾತಕದ ಎಂಟನೇ ವಿಂಶಾಂಶ 10-30ರಿಂದ 12-00ರವರೆಗೆ. ಲಗ್ನ ಇರುವುದು 11-20ರಲ್ಲಿ. ಹಿಂದಕ್ಕೆ ಮೂರು ನಿಮಿಷ ಇಪ್ಪತ್ತು ಸೆಕೆಂಡ್, ಮುಂದಕ್ಕೆ ಎರಡು ನಿಮಿಷ ನಲವತ್ತು ಸೆಕೆಂಡ್ ಮಾತ್ರ ಜಾಗ. ಜನ್ಮಸಮಯವನ್ನು ಹತ್ತಿರದ ಐದು ನಿಮಿಷಕ್ಕೆ ದುಂಡಾಗಿಸಿ ಬರೆದಿದ್ದರೆ ಅಷ್ಟರಲ್ಲೇ ಎರಡೂವರೆ ನಿಮಿಷದವರೆಗೆ ತಪ್ಪಿರಬಹುದು, ಈ ಎಲ್ಲೆ ದಾಟಲು ಇನ್ನು ಕೆಲವೇ ಸೆಕೆಂಡ್ ಸಾಕು. ಅದಕ್ಕೂ ಮೊದಲು, ಜನ್ಮ ಎಂದರೆ ಯಾವ ಕ್ಷಣ? ತಲೆ ಹೊರಬಂದದ್ದೇ, ಮೊದಲ ಅಳುವೇ, ಹೊಕ್ಕುಳಬಳ್ಳಿ ಕತ್ತರಿಸಿದ್ದೇ? ಇವುಗಳ ನಡುವೆಯೇ ಒಂದೆರಡು ನಿಮಿಷ ಕಳೆದುಹೋಗಬಹುದು. ಷಷ್ಟ್ಯಂಶ ಲಗ್ನ ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ.

ಸ್ಥಳದಿಂದಲೂ ಇದೇ ಆಗುತ್ತದೆ. ರೇಖಾಂಶದಲ್ಲಿ ಒಂದು ಡಿಗ್ರಿ ವ್ಯತ್ಯಾಸ ಎಂದರೆ ನಾಲ್ಕು ನಿಮಿಷ. ದಕ್ಷಿಣ ಭಾರತದ ಅಕ್ಷಾಂಶದಲ್ಲಿ 50-55 ಕಿಲೋಮೀಟರ್ ಪೂರ್ವ ಪಶ್ಚಿಮ ಸರಿದರೆ ಅರ್ಧ ಡಿಗ್ರಿ. ತಂತ್ರಾಂಶದ ಪಟ್ಟಿಯಲ್ಲಿ ಊರು ಸಿಗಲಿಲ್ಲವೆಂದು ಜಿಲ್ಲಾ ಕೇಂದ್ರವನ್ನು ಆರಿಸಿದಾಗ ಆಗುವುದು ಇದೇ: ವಿಂಶಾಂಶದ ಮೂರನೇ ಒಂದು ಪಾಲು ಜಾರಿರುತ್ತದೆ. ಹಳೆಯ ಜಾತಕ ನೋಡುವವರು ಇನ್ನೊಂದನ್ನು ನೆನಪಿಟ್ಟುಕೊಳ್ಳಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. ಅದನ್ನು ಕಳೆಯದೆ ಲೆಕ್ಕ ಹಾಕಿದರೆ ಲಗ್ನ ಸುಮಾರು 15 ಡಿಗ್ರಿ ಮುಂದೆ, ವಿಂಶಾಂಶದಲ್ಲಿ ಹತ್ತು ಮನೆ ಮುಂದೆ.

ಲಗ್ನ ಬಿಟ್ಟರೆ ಬೇಗ ಓಡುವವನು ಚಂದ್ರ. ಒಂದು ವಿಂಶಾಂಶ ದಾಟಲು ಅವನಿಗೆ ಎರಡು ಮುಕ್ಕಾಲು ಗಂಟೆ ಹತ್ತಿರ ಬೇಕು. ರವಿಗೆ ಒಂದೂವರೆ ದಿನ. ಸರಾಸರಿ ಗತಿಯಲ್ಲಿ ಗುರುವಿಗೆ ಹದಿನೆಂಟು ದಿನ, ಶನಿಗೆ ಒಂದೂವರೆ ತಿಂಗಳು. ಆದ್ದರಿಂದ 'ವಿಂಶಾಂಶದಲ್ಲಿ ಗುರು ವೃಶ್ಚಿಕದಲ್ಲಿದ್ದಾನೆ' ಎಂಬುದು ಎರಡೂವರೆ ವಾರದಲ್ಲಿ ಹುಟ್ಟಿದ ಎಲ್ಲರ ಮಾತು. 'ಐದರಲ್ಲಿ ಇದ್ದಾನೆ' ಎಂದಾಗಲೇ ಅದು ಒಬ್ಬರ ಮಾತಾಗುವುದು, ಮತ್ತು ಆ ಐದನ್ನು ತೀರ್ಮಾನಿಸುವುದು ಆರು ನಿಮಿಷದ ಲಗ್ನ.

ಹಾಗಾದರೆ ಸಮಯ ಶೋಧನೆ, ಅಂದರೆ ಸರಿಯಾದ ಜನ್ಮಸಮಯವನ್ನು ಹುಡುಕುವುದು, ಹೇಗೆ? ವಿಂಶಾಂಶವನ್ನೇ ಹಿಡಿದು ಸಮಯ ತಿದ್ದಲು ಹೋಗಬೇಡಿ. ಒಳಗಿನ ಬದಲಾವಣೆಗೆ ತಾರೀಕು ಇರುವುದಿಲ್ಲ, ತಾಳೆ ನೋಡಲು ಏನೂ ಸಿಗುವುದಿಲ್ಲ; ನಮಗೆ ಇಷ್ಟವಾದ ಲಗ್ನವೇ ಸರಿ ಎನಿಸಿಬಿಡುತ್ತದೆ. ತಾರೀಕು ಇರುವ ಘಟನೆಗಳ ವರ್ಗಗಳಿಂದ ಸುತ್ತುವರಿದು ಬನ್ನಿ. ನಮ್ಮ ಲಗ್ನವನ್ನೇ ತೆಗೆದುಕೊಳ್ಳಿ. ಮದುವೆಯಿಂದ ನವಾಂಶ ಲಗ್ನ ಖಚಿತವಾದರೆ ಎಲ್ಲೆ 10-00ರಿಂದ 13-20. ಉದ್ಯೋಗದ ಘಟನೆಗಳಿಂದ ದಶಾಂಶ ಹೊಂದಿದರೆ 9-00ರಿಂದ 12-00. ತಂದೆ ತಾಯಿಯ ವಿಷಯದಿಂದ ದ್ವಾದಶಾಂಶ, 10-00ರಿಂದ 12-30. ಮೂರೂ ಒಂದರ ಮೇಲೊಂದು ಬರುವ ಜಾಗ 10-00ರಿಂದ 12-00, ಅಂದರೆ ಎಂಟು ನಿಮಿಷ. ಇಷ್ಟಾದರೂ ವಿಂಶಾಂಶ ತೀರ್ಮಾನವಾಗಲಿಲ್ಲ, ಏಕೆಂದರೆ ನಡುವೆ 10-30ರ ಗೆರೆ ಇದೆ. ವಿದ್ಯೆಯ ಘಟನೆಗಳಿಂದ ಚತುರ್ವಿಂಶಾಂಶವನ್ನೂ (ಇಪ್ಪತ್ತನಾಲ್ಕು ಪಾಲು) ಸೇರಿಸಿ; ಅದರ ಹತ್ತನೇ ತುಂಡು 11-15ರಿಂದ 12-30. ಈಗ ಉಳಿದದ್ದು 11-15ರಿಂದ 12-00, ಮೂರು ನಿಮಿಷ, ಪೂರ್ತಿ ಒಂದೇ ವಿಂಶಾಂಶದೊಳಗೆ. ಎಲ್ಲ ಜಾತಕದಲ್ಲೂ ಗೆರೆಗಳು ಇಷ್ಟು ಅನುಕೂಲವಾಗಿ ಬೀಳುವುದಿಲ್ಲ. ಬೀಳದಿದ್ದಾಗ ವಿಂಶಾಂಶ ಲಗ್ನವನ್ನು ಬದಿಗಿಟ್ಟು, ಗ್ರಹಗಳು ಯಾವ ರಾಶಿಯಲ್ಲಿವೆ ಎಂಬುದನ್ನಷ್ಟೇ ಬಳಸಬೇಕು.

ಗಡಿಯಾರ ಸರಿಯಾದರೂ ಅಯನಾಂಶ ಉಳಿಯಿತು. ವಸಂತ ವಿಷುವದಿಂದ ಅಳೆದ ಗ್ರಹಸ್ಥಾನದಿಂದ ಕಳೆಯುವ ಅಂತರ ಅದು; ಅದು ಕಡಿಮೆಯಾದಷ್ಟೂ ಜಾತಕದಲ್ಲಿ ಗ್ರಹದ ಡಿಗ್ರಿ ಹೆಚ್ಚು. ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಶಿಫಾರಸು ಮಾಡಿದ, ಲಾಹಿರಿ ಎಂದು ಹೆಸರಾದ ಚಿತ್ರಾಪಕ್ಷ ಅಯನಾಂಶವೇ ಈಗ ಹೆಚ್ಚು ಬಳಕೆಯಲ್ಲಿದೆ. ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಅವರ ಅಯನಾಂಶ ಅದಕ್ಕಿಂತ ಸುಮಾರು 1 ಡಿಗ್ರಿ 27 ಕಲೆ ಕಡಿಮೆ. ರಾಶಿ ಕುಂಡಲಿಯಲ್ಲಿ ಇದು ಅಂಚಿನಲ್ಲಿರುವ ಗ್ರಹಗಳನ್ನು ಮಾತ್ರ ಅಲುಗಿಸುತ್ತದೆ. ವಿಂಶಾಂಶದ ತುಂಡೇ 1 ಡಿಗ್ರಿ 30 ಕಲೆ! ಅಂದರೆ ಹೆಚ್ಚುಕಡಿಮೆ ಪ್ರತಿಯೊಂದು ಗ್ರಹವೂ ಒಂದು ಮನೆ ಮುಂದಕ್ಕೆ ಜರಗುತ್ತದೆ.

ನಮ್ಮ ಜಾತಕದಲ್ಲೇ ನೋಡಿ. 1-27 ಕೂಡಿಸಿದರೆ ಲಗ್ನ 12-47, ಗುರು 6-12, ಚಂದ್ರ 15-37, ಶನಿ 28-42, ಕೇತು 16-32. ನವಾಂಶದಲ್ಲಿ ಈ ಐದೂ ಕದಲಲಿಲ್ಲ. ವಿಂಶಾಂಶದಲ್ಲಿ ಐದೂ ಕದಲಿದವು: ಲಗ್ನ ಸಿಂಹಕ್ಕೆ, ಗುರು ಧನುಸ್ಸಿಗೆ, ಚಂದ್ರ ತುಲೆಗೆ, ಶನಿ ಮೀನಕ್ಕೆ, ಕೇತು ವೃಶ್ಚಿಕಕ್ಕೆ. ಆದರೆ ಸಿಂಹದಿಂದ ಎಣಿಸಿ: ಚಂದ್ರ ಮೂರು, ಕೇತು ನಾಲ್ಕು, ಗುರು ಐದು, ಶನಿ ಎಂಟು. ಭಾವಗಳೆಲ್ಲ ಮೊದಲಿನಂತೆಯೇ ಉಳಿದಿವೆ! ಎಲ್ಲವೂ ಸಮನಾಗಿ ಸರಿದಿದ್ದರಿಂದ ಹೀಗಾಯಿತು. ಬದಲಾದದ್ದು ಅಧಿಪತ್ಯ. ಮಿತ್ರಕ್ಷೇತ್ರದಲ್ಲಿದ್ದ ಗುರು ಸ್ವಕ್ಷೇತ್ರಕ್ಕೆ ಬಂದ, ಸ್ವಕ್ಷೇತ್ರದ ಶನಿ ಗುರುವಿನ ಮನೆಗೆ ಹೋದ, ಲಗ್ನಾಧಿಪತಿ ಚಂದ್ರನ ಬದಲು ರವಿ. ಅಯನಾಂಶ ವಿಂಶಾಂಶದ ರಾಶಿಯನ್ನು ಅಲುಗಿಸುತ್ತದೆ, ಗಡಿಯಾರ ಭಾವವನ್ನು ಅಲುಗಿಸುತ್ತದೆ. 'ಗುರು ಐದರಲ್ಲಿ' ಎಂಬುದಕ್ಕೆ ಕೊಡುವ ಭರವಸೆಯನ್ನು 'ಗುರು ವೃಶ್ಚಿಕದಲ್ಲಿ' ಎಂಬುದಕ್ಕೆ ಕೊಡಬೇಡಿ, ಸಮಯ ಶೋಧನೆ ಆಗಿದ್ದರೆ. ಆಗಿಲ್ಲದಿದ್ದರೆ ಎರಡಕ್ಕೂ ಬೇಡ.

ಮೊದಲು ಹೇಳಿದ ಆ ಕೇತುವಿನ ವಿಷಯ. ರಾಹು ಕೇತುಗಳ ನಡುವೆ ಯಾವಾಗಲೂ 180 ಡಿಗ್ರಿ. ಅದನ್ನು ಇಪ್ಪತ್ತರಿಂದ ಗುಣಿಸಿದರೆ 3600, ಸರಿಯಾಗಿ ಹತ್ತು ಸುತ್ತು, ಶೇಷ ಸೊನ್ನೆ. ಹಾಗಾಗಿ ವಿಂಶಾಂಶದಲ್ಲಿ ರಾಹು ಕೇತುಗಳು ಯಾವ ಜಾತಕದಲ್ಲಾದರೂ ಒಂದೇ ಮನೆಯಲ್ಲಿರುತ್ತಾರೆ. ನಮ್ಮ ಜಾತಕದಲ್ಲಿ ವೃಶ್ಚಿಕ 15-05ರ ರಾಹುವೂ ಹನ್ನೊಂದನೇ ತುಂಡು, ಅವನೂ ತುಲಾ. ಹನ್ನೆರಡರಲ್ಲಿ ಕೇತುವನ್ನು ಕಂಡು ಮೋಕ್ಷ ಎಂದವರು ಪಕ್ಕದಲ್ಲೇ ಕುಳಿತ ರಾಹುವನ್ನು ಏನೆಂದು ಓದುತ್ತಾರೆ? ನವಾಂಶದಲ್ಲಿ ಈ ತೊಡಕಿಲ್ಲ, ಒಂಬತ್ತು ಬೆಸ ಸಂಖ್ಯೆಯಾದ್ದರಿಂದ ಇಬ್ಬರೂ ಎದುರುಬದುರಾಗಿಯೇ ಇರುತ್ತಾರೆ. ಇನ್ನೊಂದು ಸಂಗತಿ: ಸರಾಸರಿ ಗತಿಯಿಂದ ಎಣಿಸಿದ ಮಧ್ಯಮ ರಾಹುವಿಗೂ ಆ ಕ್ಷಣದ ನಿಜಸ್ಥಾನವಾದ ಸ್ಫುಟ ರಾಹುವಿಗೂ ಒಂದೂವರೆ ಡಿಗ್ರಿಯ ಹತ್ತಿರದವರೆಗೆ ವ್ಯತ್ಯಾಸ ಬರುವುದುಂಟು. ತಂತ್ರಾಂಶದ ಆಯ್ಕೆಯಲ್ಲಿ ಯಾವುದು ಗುರುತಾಗಿದೆ ನೋಡಿಕೊಳ್ಳಿ. ನಮ್ಮ ಕೇತು 15-00ರ ಗೆರೆಯಿಂದ ಐದೇ ಕಲೆ ದೂರ. ಆಯ್ಕೆ ಬದಲಾದರೆ ಮನೆಯೂ ಬದಲಾಗುವ ಸಂಭವ ಇದ್ದೇ ಇದೆ.

ಇದೇ ಕಾರಣಕ್ಕೆ ವರ್ಗದಲ್ಲಿ ದೃಷ್ಟಿ, ಅಸ್ತ (ರವಿಗೆ ತೀರ ಹತ್ತಿರವಾಗಿ ಗ್ರಹ ಮರೆಯಾಗುವುದು) ಮುಂತಾದವನ್ನು ಎಚ್ಚರದಿಂದ ಬಳಸಬೇಕು. ಆಕಾಶದಲ್ಲಿ ಬುಧ ರವಿಯಿಂದ 28 ಡಿಗ್ರಿಗಿಂತ ಆಚೆ ಹೋಗುವುದಿಲ್ಲ. ವಿಂಶಾಂಶದಲ್ಲಿ ರವಿಗೆ ಏಳನೇ ಮನೆಯಲ್ಲೂ ಕೂರುತ್ತಾನೆ, ರವಿಯ ಜೊತೆಗೂ ಕೂರುತ್ತಾನೆ. ಜೊತೆಗೆ ಕೂತ ಮಾತ್ರಕ್ಕೆ ಅಸ್ತನಾಗಲಿಲ್ಲ. ಅಸ್ತ, ವಕ್ರ, ಗ್ರಹಯುದ್ಧ ಮೂರೂ ರಾಶಿ ಚಕ್ರದ ಸಂಗತಿಗಳು, ಅಲ್ಲಿಂದಲೇ ತರಬೇಕು.

ಹಳಬರು ವರ್ಗವನ್ನು ಹೇಗೆ ಬಳಸುತ್ತಿದ್ದರು ಎಂಬುದಕ್ಕೆ ವರಾಹಮಿಹಿರನ ಬೃಹಜ್ಜಾತಕದ ಪ್ರವ್ರಜ್ಯಾ ಯೋಗ ಒಳ್ಳೆಯ ನಿದರ್ಶನ. ನಾಲ್ಕು ಅಥವಾ ಹೆಚ್ಚು ಗ್ರಹಗಳು ಒಂದೇ ರಾಶಿಯಲ್ಲಿ ಬಲವಾಗಿ ಸೇರಿದರೆ ಪ್ರವ್ರಜ್ಯೆ, ಅವುಗಳಲ್ಲಿ ಬಲಿಷ್ಠ ಯಾರೋ ಅವನಿಂದ ಸನ್ಯಾಸದ ಬಗೆ ಎಂಬುದು ಎಲ್ಲರಿಗೂ ಗೊತ್ತು. ಆ ಗ್ರಹ ರವಿಯಲ್ಲಿ ಅಸ್ತನಾಗಿದ್ದರೆ ದೀಕ್ಷೆ ಇಲ್ಲ, ಆ ಮಾರ್ಗದಲ್ಲಿ ಭಕ್ತಿ ಮಾತ್ರ ಎಂಬ ಸೂಕ್ಷ್ಮವೂ ಅಲ್ಲೇ ಇದೆ. ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಯೋಗ ಇಲ್ಲಿದೆ: ಚಂದ್ರ ಶನಿಯ ದ್ರೇಕ್ಕಾಣದಲ್ಲಿ (ರಾಶಿಯ ಮೂರನೇ ಒಂದು ಪಾಲು), ಕುಜ ಅಥವಾ ಶನಿಯ ನವಾಂಶದಲ್ಲಿ ಇದ್ದು, ಶನಿಯ ದೃಷ್ಟಿ ಪಡೆದರೆ ದೀಕ್ಷೆ. ಚಂದ್ರ ಮಿಥುನ 20-00ರಿಂದ 23-20ರೊಳಗೆ ಇದ್ದಾನೆ ಎನ್ನಿ. ಮೂರನೇ ದ್ರೇಕ್ಕಾಣ, ಕುಂಭದ್ದು. ಏಳನೇ ನವಾಂಶ, ಮೇಷದ್ದು, ಕುಜನದು. ಎದುರು ಧನುಸ್ಸಿನಲ್ಲಿ ಶನಿ ಇದ್ದರೆ ಯೋಗ ಪೂರ್ಣ. ಇಲ್ಲಿ ದ್ರೇಕ್ಕಾಣ, ನವಾಂಶ ಎರಡೂ ಬಂದಿರುವುದು ಚಂದ್ರನ ಗುಣ ಹೇಳುವುದಕ್ಕೆ, ಅವುಗಳ ಒಡೆಯ ಯಾರು ಎಂದು ತಿಳಿಯುವುದಕ್ಕೆ. ದೃಷ್ಟಿ ಮಾತ್ರ ನಿಜವಾದ ಆಕಾಶದ್ದು. ವರ್ಗವನ್ನು ಹೀಗೆ ರಾಶಿಗೆ ಪೋಣಿಸಿ ಓದಿದಾಗ ಸಮಯದ ತಪ್ಪೂ ಅಷ್ಟಾಗಿ ಕಾಡುವುದಿಲ್ಲ. ಆ 200 ಕಲೆಯನ್ನು ದಾಟಲು ಚಂದ್ರನಿಗೆ ಆರು ಗಂಟೆ ಬೇಕು.

ಈಗ ಕಾರಕಾಂಶ. ರಾಶಿಯೊಳಗೆ ಅತಿ ಹೆಚ್ಚು ಡಿಗ್ರಿ ನಡೆದ ಗ್ರಹ ಆತ್ಮಕಾರಕ, ಅವನು ನವಾಂಶದಲ್ಲಿ ಕುಳಿತ ರಾಶಿ ಕಾರಕಾಂಶ. ರಾಹುವನ್ನು ಸೇರಿಸುವವರು ಅವನ ಡಿಗ್ರಿಯನ್ನು 30ರಿಂದ ಕಳೆದು ಹೋಲಿಸುತ್ತಾರೆ; ನಮ್ಮಲ್ಲಿ ಅದು 14-55, ತೊಂದರೆ ಇಲ್ಲ. 27-15ರ ಶನಿಯೇ ಆತ್ಮಕಾರಕ. ಅವನು ಮಿಥುನದ ಒಂಬತ್ತನೇ ನವಾಂಶದಲ್ಲಿದ್ದು ವರ್ಗೋತ್ತಮ (ಎರಡೂ ಕುಂಡಲಿಗಳಲ್ಲಿ ಒಂದೇ ರಾಶಿ), ಹಾಗಾಗಿ ಕಾರಕಾಂಶವೂ ಮಿಥುನ. ಅದರ ಹನ್ನೆರಡು ವೃಷಭ. ಕೇತು ವೃಷಭದ ಐದನೇ ನವಾಂಶದಲ್ಲಿ, ಅವನೂ ವರ್ಗೋತ್ತಮ. ಕಾರಕಾಂಶದಿಂದ ಹನ್ನೆರಡರಲ್ಲಿ ಕೇತು! ಜೈಮಿನಿ ತನ್ನ ಸೂತ್ರಗಳಲ್ಲಿ ಕೈವಲ್ಯ, ಅಂದರೆ ಮೋಕ್ಷ, ಹೇಳುವುದು ಇದಕ್ಕೇ. ಕಾರಕಾಂಶವನ್ನು ನವಾಂಶದಲ್ಲೇ ಓದಬೇಕೋ, ರಾಶಿ ಕುಂಡಲಿಗೆ ತಂದು ಓದಬೇಕೋ ಎಂಬ ಹಳೆಯ ಜಗಳವೂ ಇಲ್ಲಿ ಏಳುವುದಿಲ್ಲ, ಎರಡರಲ್ಲೂ ಕೇತು ಅಲ್ಲೇ ಇದ್ದಾನೆ.

ಆದರೆ ಎಣಿಸಿ ನೋಡಿ. ಕೇತು ದಿನಕ್ಕೆ ಮೂರು ಕಲೆಯ ಆಸುಪಾಸು ನಡೆಯುತ್ತಾನೆ, ಒಂದು ನವಾಂಶದಲ್ಲಿ ಎರಡು ತಿಂಗಳು ಇರುತ್ತಾನೆ. ಶನಿ ತನ್ನ ನವಾಂಶದಲ್ಲಿ ಸರಾಸರಿ ನೂರು ದಿನ. ಈ ಎರಡು ಅವಧಿಗಳು ಒಂದರ ಮೇಲೊಂದು ಬಿದ್ದ ದಿನಗಳಲ್ಲಿ, ಬೇರೆ ಯಾವ ಗ್ರಹವೂ ಶನಿಯ ಡಿಗ್ರಿಯನ್ನು ಮೀರದ ಹೊತ್ತಿನಲ್ಲಿ, ಜಗತ್ತಿನಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಇದೇ ಯೋಗ. ಅಷ್ಟೂ ಮಂದಿಗೆ ಕೈವಲ್ಯ ಎಂದು ಯಾವ ಗ್ರಂಥಕಾರನ ಮನಸ್ಸಿನಲ್ಲೂ ಇದ್ದಿರಲಾರದು. ಈ ಯೋಗ ಒಂದು ಬಾಗಿಲು ತೋರಿಸುತ್ತದೆ. ಅದಕ್ಕೆ ರಾಶಿಯ ಒಂಬತ್ತು, ಐದು, ಹನ್ನೆರಡರ ಬೆಂಬಲ ಇದೆಯೇ ಎಂದು ಜಾತಕ ಜಾತಕಕ್ಕೂ ಬೇರೆಯಾಗಿ ನೋಡಬೇಕು.

ಇಷ್ಟದೇವತೆಯನ್ನು ಹುಡುಕುವುದೂ ಇದೇ ಜಾಗದಲ್ಲಿ. ಜೈಮಿನಿ ಕೊಡುವ ಪಟ್ಟಿ: ರವಿ ಕೇತು ಸೇರಿದರೆ ಶಿವ, ಚಂದ್ರನಿಂದ ಗೌರಿ, ಶುಕ್ರನಿಂದ ಲಕ್ಷ್ಮಿ, ಕುಜನಿಂದ ಸ್ಕಂದ, ಬುಧ ಶನಿಗಳಿಂದ ವಿಷ್ಣು, ಗುರುವಿನಿಂದ ಸಾಂಬಶಿವ, ರಾಹುವಿನಿಂದ ದುರ್ಗೆ, ಕೇತುವಿನಿಂದ ಗಣೇಶ ಮತ್ತು ಸ್ಕಂದ. ನಮ್ಮ ಜಾತಕಕ್ಕೆ ಗಣಪತಿ ಎನ್ನಬಹುದು. ಕಾರಕಾಂಶದ ಹನ್ನೆರಡರಲ್ಲಿ ಯಾರೂ ಇಲ್ಲದಿದ್ದರೆ ದೃಷ್ಟಿ, ಅದೂ ಇಲ್ಲದಿದ್ದರೆ ಆ ರಾಶಿಯ ಒಡೆಯ. ಇದನ್ನು ಕುಲದೇವತೆಯ ಜೊತೆ ಬೆರೆಸಬೇಡಿ. ಕುಲದೇವತೆ ಮನೆತನದಿಂದ ಬರುವುದು, ಜಾತಕದಿಂದಲ್ಲ.

ಇಷ್ಟೆಲ್ಲ ಇಟ್ಟುಕೊಂಡು ಈ ಜಾತಕವನ್ನು ಕ್ರಮವಾಗಿ ಓದಿದರೆ ಹೇಗೆ ಕಾಣುತ್ತದೆ? ಮೊದಲು ರಾಶಿ. ಪಂಚಮಾಧಿಪತಿ ಗುರು ಪಂಚಮದಲ್ಲೇ ಸ್ವಕ್ಷೇತ್ರ, ಅಲ್ಲಿಂದ ಒಂಬತ್ತನ್ನೂ ಲಗ್ನವನ್ನೂ ನೋಡುತ್ತಾನೆ. ನವಮಾಧಿಪತಿ ಚಂದ್ರ ಹತ್ತರಲ್ಲಿ, ಸಿಂಹದ ಐದನೇ ನವಾಂಶದಲ್ಲಿ ವರ್ಗೋತ್ತಮ. ಎಂಟರಲ್ಲಿರುವ ಶನಿ ಮೂರನೇ ದೃಷ್ಟಿಯಿಂದ ಚಂದ್ರನನ್ನೂ ಹತ್ತನೇ ದೃಷ್ಟಿಯಿಂದ ಗುರುವನ್ನೂ ನೋಡುತ್ತಾನೆ. ಶನಿ ಚಂದ್ರ ದೃಷ್ಟಿ ಕಂಡ ಕೂಡಲೇ ಸನ್ಯಾಸ ಎನ್ನುವ ಆತುರ ಬೇಡ. ವರಾಹಮಿಹಿರನ ಅಳತೆಗೋಲು ಇಡಿ: ಚಂದ್ರನ ದ್ರೇಕ್ಕಾಣ ಧನುಸ್ಸು, ಗುರುವಿನದು, ನವಾಂಶ ಸಿಂಹ, ರವಿಯದು. ಶನಿಯೂ ಕುಜನೂ ಎಲ್ಲೂ ಇಲ್ಲ, ಯೋಗ ಕೂಡಲಿಲ್ಲ. ಉಪಾಸನೆ ಬಲವಾಗಿದೆ, ಶಿಸ್ತಿದೆ, ಮನೆ ಬಿಡುವ ಯೋಗ ಇಲ್ಲ. ಆಮೇಲೆ ನವಾಂಶ, ಅಲ್ಲಿ ಗುರು ಚಂದ್ರರು ಸಿಂಹದಲ್ಲಿ ಒಟ್ಟಿಗೆ ಇದ್ದಾರೆ. ಕೊನೆಗೆ ವಿಂಶಾಂಶ, ಗುರು ಮತ್ತೆ ಐದರಲ್ಲಿ. ರಾಶಿ ಹೇಳಿದ್ದನ್ನೇ ಅದು ಮತ್ತೊಮ್ಮೆ ಹೇಳಿತು, ಆದ್ದರಿಂದ ನಂಬಬಹುದು. ರಾಶಿಯಲ್ಲಿ ಗುರು ನೀಚನಾಗಿ ಆರರಲ್ಲಿದ್ದು ವಿಂಶಾಂಶದಲ್ಲಿ ಮಾತ್ರ ಐದರಲ್ಲಿ ಕಂಡಿದ್ದರೆ? ಆಗ ಮೊದಲು ಅನುಮಾನಿಸಬೇಕಾದದ್ದು ಜನ್ಮಸಮಯವನ್ನು.

ಯಾವಾಗ ಎಂಬುದಕ್ಕೆ ದಶೆ, ಅಂದರೆ ಚಂದ್ರನ ನಕ್ಷತ್ರದಿಂದ ಲೆಕ್ಕ ಹಾಕಿ ಸರದಿಯಲ್ಲಿ ಬರುವ ಗ್ರಹಗಳ ಅವಧಿ; ಅದರ ಒಳಭಾಗ ಭುಕ್ತಿ. ಚಂದ್ರ ಪುಬ್ಬಾ ನಕ್ಷತ್ರದ 800 ಕಲೆಯಲ್ಲಿ 50 ಮುಗಿಸಿದ್ದಾನೆ, ಶುಕ್ರ ದಶೆ ಉಳಿದದ್ದು 18 ವರ್ಷ 9 ತಿಂಗಳು. ರವಿಯ ಆರು ವರ್ಷ ಕಳೆದು ಚಂದ್ರ ದಶೆ, ಅದರಲ್ಲಿ ಗುರು ಭುಕ್ತಿ 27 ವರ್ಷ 8 ತಿಂಗಳಿಂದ 29ರವರೆಗೆ. ಒಂಬತ್ತರ ಒಡೆಯನ ದಶೆ, ಐದರ ಒಡೆಯನ ಭುಕ್ತಿ. ಮಂತ್ರೋಪದೇಶಕ್ಕೆ ಹೇಳಿ ಮಾಡಿಸಿದ ಕಾಲ. ಜನ್ಮಸಮಯ ಆರು ನಿಮಿಷ ಆಚೀಚೆಯಾದರೆ ಈ ತಾರೀಕು ಒಂದು ತಿಂಗಳು ಮಾತ್ರ ಸರಿಯುತ್ತದೆ. ಅಯನಾಂಶ ರಾಮನ್ ಅವರದಾದರೆ ಎರಡು ವರ್ಷ ಎರಡು ತಿಂಗಳು ಹಿಂದಕ್ಕೆ ಹೋಗುತ್ತದೆ. ಜಾತಕ ಬರೆಯುವಾಗ ಅಯನಾಂಶದ ಹೆಸರನ್ನು ಮೂಲೆಯಲ್ಲಿ ಬರೆದಿಡಿ ಎಂದು ಹೇಳುವುದು ಇದಕ್ಕೆ.

ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳು. ವಿಂಶಾಂಶದಲ್ಲಿ ಗುರು ವೃಶ್ಚಿಕ 5 ಡಿಗ್ರಿ ಎಂದು ಬಂತಲ್ಲ, ಅದಕ್ಕೆ ಅನೂರಾಧಾ ನಕ್ಷತ್ರ ಹೇಳಬಹುದೇ? ತಂತ್ರಾಂಶ ಹೇಳುತ್ತದೆ. ಆದರೆ ಆ 5 ಡಿಗ್ರಿ ನಿಜವಾದ ಸ್ಫುಟದಲ್ಲಿ 15 ಕಲೆ. ಲಗ್ನದ ಮಟ್ಟಿಗಾದರೆ ಒಂದು ನಿಮಿಷದ ತಪ್ಪೇ ಅದನ್ನು ನುಂಗಿಹಾಕುತ್ತದೆ. ನಾವು ಹೇಳುವುದಿಲ್ಲ.

ಇನ್ನೊಂದು ಷಷ್ಟ್ಯಂಶದ ಬಗ್ಗೆ. ಪರಾಶರನ ಷೋಡಶವರ್ಗ ವಿಂಶೋಪಕ ಬಲದಲ್ಲಿ (ಹದಿನಾರು ವರ್ಗಗಳಿಗೆ ಇಪ್ಪತ್ತು ಅಂಕ ಹಂಚುವ ಲೆಕ್ಕ) ರಾಶಿಗೆ ಮೂರೂವರೆ, ನವಾಂಶಕ್ಕೆ ಮೂರು, ಷಷ್ಟ್ಯಂಶಕ್ಕೆ ನಾಲ್ಕು ಅಂಕ. ಇಪ್ಪತ್ತರಲ್ಲಿ ವಿಂಶಾಂಶದ ಪಾಲು ಬರೀ ಅರ್ಧ. ಷಷ್ಟ್ಯಂಶಕ್ಕೇ ಎಲ್ಲಕ್ಕಿಂತ ಹೆಚ್ಚು ತೂಕ ಇರುವಾಗ ಪೂರ್ವಜನ್ಮದ ಕರ್ಮವನ್ನು ಅಲ್ಲಿಯೇ ಯಾಕೆ ನೋಡಬಾರದು? ತೂಕ ಕೊಟ್ಟಿರುವುದು ನಿಜ. ಗ್ರಹಗಳ ಷಷ್ಟ್ಯಂಶ ಬಲವನ್ನು ಲೆಕ್ಕಕ್ಕೆ ಸೇರಿಸಿ, ಅಡ್ಡಿಯಿಲ್ಲ. ಗುರು ಒಂದು ಷಷ್ಟ್ಯಂಶದಲ್ಲಿ ಆರು ದಿನ ಇರುತ್ತಾನೆ, ಶನಿ ಹದಿನೈದು ದಿನ. ಚಂದ್ರನಾದರೂ ಒಂದು ಗಂಟೆಯ ಹತ್ತಿರ ನಿಲ್ಲುತ್ತಾನೆ. ಎರಡು ನಿಮಿಷದ ಲಗ್ನದಿಂದ ಭಾವ ಎಣಿಸಿ ಹೋದ ಜನ್ಮದ ಕಥೆ ಹೇಳಲು ಹೊರಟಾಗ ಮಾತ್ರ, ಜನ್ಮಸಮಯವನ್ನು ಸೆಕೆಂಡಿನವರೆಗೆ ಬರೆದಿಟ್ಟವರು ಯಾರು ಎಂದು ಕೇಳಿ.